ಮಡಿಯಲ್ಲಿರುವ ರೋಗಿ

ನರ್ಸಿಂಗ್ ಶಾಲೆಯ ಸಿಮ್ಯುಲೇಷನ್ ಲ್ಯಾಬಿನಲ್ಲಿ, ಅಂದರೆ ಗೊಂಬೆಯ ಮೇಲೆ ಚಿಕಿತ್ಸೆ ಕಲಿಯುವ ಕೋಣೆಯಲ್ಲಿ, ಮಲಗಿರುವ ರೋಗಿಗೆ ಬಾರದ ಕಾಯಿಲೆಯಿಲ್ಲ. ಒಂದು ಗುಂಡಿ ಒತ್ತಿದರೆ ಹೃದಯಾಘಾತ, ಇನ್ನೊಂದಕ್ಕೆ ಉಬ್ಬಸ, ಮತ್ತೊಂದಕ್ಕೆ ಫಿಟ್ಸ್. ಎದೆ ಏರಿಳಿಯುತ್ತದೆ, ಕಣ್ಣು ಮಿಟುಕುತ್ತದೆ, 'ಸಿಸ್ಟರ್, ಉಸಿರೇ ಆಡ್ತಿಲ್ಲ' ಎಂದು ನರಳಲೂ ಬರುತ್ತದೆ. ಇಂಥ ಸಕಲಕಲಾವಲ್ಲಭನನ್ನು ಮುಟ್ಟುವ ಹಕ್ಕಿಲ್ಲದವರು ಇಡೀ ಶಾಲೆಯಲ್ಲಿ ವಿದ್ಯಾರ್ಥಿಗಳು ಮಾತ್ರ.

ಉದ್ಘಾಟನೆಯ ದಿನದ ಮಾತು ಬೇರೆ. ಅಂದು ಮುಖ್ಯ ಅತಿಥಿಗಳು ಟೇಪು ಕತ್ತರಿಸಿ, ಗೊಂಬೆಯ ಮಣಿಕಟ್ಟು ಹಿಡಿದು, ಗಂಭೀರವಾಗಿ ತಲೆದೂಗುತ್ತಾರೆ. ಗೊಂಬೆಗೆ ಇನ್ನೂ ಸ್ವಿಚ್ಚೇ ಹಾಕಿರುವುದಿಲ್ಲ. ಆದರೂ ನಾಡಿ ಅವರಿಗೆ ಸಿಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ.

ಆಮೇಲೆ ಗೊಂಬೆ ಮಡಿ ಉಡುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಬಾಗಿಲಿಗೆ ಬೀಗ, ಗೋಡೆಗೆ ನಿಯಮಗಳ ಪಟ್ಟಿ. ಬಾಲ್‌ಪೆನ್ ತರಬಾರದು, ಶಾಯಿಯ ಕಲೆ ಆ ಚರ್ಮದಿಂದ ಹೋಗುವುದಿಲ್ಲ. ಅಯೋಡಿನ್ ಹಚ್ಚಬಾರದು, ಅದೂ ಹೋಗುವುದಿಲ್ಲ. ಸೂಜಿಯಂತೂ ಬೇಡವೇ ಬೇಡ. ಚುಚ್ಚಿ ಚುಚ್ಚಿ ಸವೆದ ರಕ್ತನಾಳ, ಚರ್ಮಗಳನ್ನು ಬದಲಿಸುತ್ತಿರಬೇಕು. ಬಜೆಟ್ಟಿನಲ್ಲಿ ಇಡೀ ದೇಹಕ್ಕೆ ದುಡ್ಡಿತ್ತು, ಚರ್ಮಕ್ಕೆ ಇಲ್ಲ.

ಹಾಗೆಂದು ಪಾಠ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಮೇಡಂ ಗೊಂಬೆಯಿಂದ ಮಾರು ದೂರದಲ್ಲಿ ನಿಂತು ಕಲಿಸುತ್ತಾರೆ. 'ಅಯೋಡಿನ್ ಹಚ್ಚಿದಿರಿ ಅಂದ್ಕೊಳ್ಳಿ. ಸೂಜಿ ಹಾಕಿದಿರಿ ಅಂದ್ಕೊಳ್ಳಿ. ಹೃದಯ ನಿಂತಿತು ಅಂದ್ಕೊಳ್ಳಿ. ಎದೆಯನ್ನ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿದಿರಿ ಅಂದ್ಕೊಳ್ಳಿ. ರೋಗಿ ಬದುಕಿದ ಅಂದ್ಕೊಳ್ಳಿ. ರೆಕಾರ್ಡ್ ಬುಕ್‌ನಲ್ಲಿ ಬರ್ಕೊಳ್ಳಿ.' ಅಣಕು ರೋಗಿಗೆ ಅಣಕು ಚಿಕಿತ್ಸೆ. ಸುಳ್ಳಲ್ಲದ್ದು ರೆಕಾರ್ಡ್ ಬುಕ್ಕಿನ ರಟ್ಟು ಒಂದೇ.

ಮೇಡಂ ಅವರನ್ನು ಬೈದು ಫಲವಿಲ್ಲ. ಕಂಪನಿಯವರು ಒಂದು ಮಧ್ಯಾಹ್ನ ಡೆಮೊ ಕೊಟ್ಟು ಹೋದದ್ದೇ ಅವರಿಗೆ ಸಿಕ್ಕ ತರಬೇತಿ. ಲ್ಯಾಬಿಗೆ ಟೆಕ್ನಿಷಿಯನ್ ಬೇಕೆಂದು ಕೇಳಿದ್ದಕ್ಕೆ ಆಡಳಿತ ಮಂಡಳಿ, 'ಗೊಂಬೆ ತಾನೇ ಮಾತಾಡುತ್ತಲ್ಲ, ಇನ್ನು ಮನುಷ್ಯರ್ಯಾಕೆ?' ಎಂದಿತು.

1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿ ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಟ್ಟರು. 'ಮಿಸೆಸ್ ಚೇಸ್' ಎಂದೇ ಹೆಸರಾದ ಆ ಗೊಂಬೆಗೆ ಮಾತು ಬರುತ್ತಿರಲಿಲ್ಲ, ಕಣ್ಣು ಮಿಟುಕಿಸಲೂ ಬರುತ್ತಿರಲಿಲ್ಲ. ಹುಡುಗಿಯರು ಎತ್ತಿದರು, ಹೊರಳಿಸಿದರು, ಬಟ್ಟೆ ಬದಲಿಸಿದರು, ಕಲಿತರು. ಉಸಿರು ನಿಂತವರನ್ನು ಬದುಕಿಸುವುದನ್ನು ಕಲಿಸಲು 1960ರಲ್ಲಿ ಬಂದ ರೆಸಸಿ ಆ್ಯನ್ ಗೊಂಬೆಯನ್ನು ಮಾಡಿದ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಕೂಡ ಆಟಿಕೆ ಕಸುಬಿನವರೇ. ಗೊಂಬೆ ಇರುವುದೇ ಕೈಗೆ ಸಿಕ್ಕಿ ಸವೆಯುವುದಕ್ಕೆ ಎಂದು ಆ ಇಬ್ಬರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಡಳಿತ ಮಂಡಳಿ ಓದುವುದೇ ಇಲ್ಲ ಎಂದರೆ ಪಾಪ ಬಂದೀತು. ಅಮೆರಿಕದ 10 ನರ್ಸಿಂಗ್ ಕೋರ್ಸುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಯ ತರಬೇತಿಯ ಅರ್ಧದಷ್ಟನ್ನು ಸಿಮ್ಯುಲೇಷನ್ನಿಗೆ ಬಿಟ್ಟುಕೊಟ್ಟರೂ ಕಲಿಕೆ ಕುಂದುವುದಿಲ್ಲ ಎಂದಿತು. 'ಅರ್ಧ' ಎಂಬಲ್ಲಿಗೆ ಮಂಡಳಿಯ ಓದು ಮುಗಿಯಿತು. ತರಬೇತಾದ ಬೋಧಕರು ಬೇಕು, ಪ್ರತಿ ಸನ್ನಿವೇಶದ ಬೆನ್ನಿಗೇ ಡಿಬ್ರೀಫಿಂಗ್, ಅಂದರೆ ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬ ಮಾತುಕತೆ ಬೇಕು ಎಂಬ ಷರತ್ತುಗಳು ಅದರ ಮುಂದಿದ್ದವು. ಕಲಿಕೆ ಕುದುರುವುದೇ ಆ ಮಾತುಕತೆಯಲ್ಲಿ. ಅದಕ್ಕೆ ಟೈಮ್‌ಟೇಬಲ್ಲಿನಲ್ಲಿ ಜಾಗವಿಲ್ಲ.

ಅಷ್ಟಾಗಿಯೂ ವರ್ಷಕ್ಕೊಮ್ಮೆ ಆ ಲ್ಯಾಬಿನಲ್ಲಿ ಪಠ್ಯಪುಸ್ತಕ ನಾಚುವಂಥ ಸಿಮ್ಯುಲೇಷನ್ ನಡೆಯುತ್ತದೆ. ಅದರ ಹೆಸರು ಇನ್‌ಸ್ಪೆಕ್ಷನ್. ವಾರ ಮೊದಲೇ ಪಾತ್ರ ಹಂಚಿಕೆ: ನೀನು ಬಿ.ಪಿ. ನೋಡು, ನೀನು ಡ್ರಿಪ್ ಹಿಡಿದು ನಿಲ್ಲು, ನೀನು ರಜೆ ಹಾಕು. ಹಳೆಯ ತಾರೀಖುಗಳೆಲ್ಲ ಒಂದೇ ಪೆನ್ನಿನಲ್ಲಿ ಲಾಗ್‌ಬುಕ್ಕಿಗೆ ಇಳಿಯುತ್ತವೆ. ಪಕ್ಕದ ಆಸ್ಪತ್ರೆಯಿಂದ ಮಾನಿಟರ್ ಎರವಲು ಬರುತ್ತದೆ. ಗಾಜಿನ ಹಿಂದಿನ ಕಂಟ್ರೋಲ್ ರೂಮಿನಲ್ಲಿ ಪ್ರಾಂಶುಪಾಲರೇ ಕೂತು ಉಸಿರು ಬಿಗಿಹಿಡಿದಿರುತ್ತಾರೆ. ಪರಿಶೀಲಕರು 'ಮಕ್ಕಳು ದಿನಾ ಬಳಸ್ತಾರಾ?' ಎಂದು ಕೇಳುತ್ತಾರೆ, 'ದಿನಾ ಸರ್' ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ, ಅವರು ನಂಬಿದಂತೆ ನಟಿಸುತ್ತಾರೆ. ಕಾರು ಗೇಟು ದಾಟಿದ ಮೇಲೆ ಡಿಬ್ರೀಫಿಂಗ್ ಕೂಡ ಉಂಟು: ಯಾರು ಎಲ್ಲಿ ತಡವರಿಸಿದರು, ಹೊದಿಕೆಯ ಮೇಲಿನ ಧೂಳು ಒರೆಸದೆ ಬಿಟ್ಟವರಾರು ಎಂದು ಒಂದೂವರೆ ಗಂಟೆ ವಿಚಾರಣೆ.

ವರದಿ ಬಂದಿದೆ. 'ಉಪಕರಣ ಹೊಚ್ಚಹೊಸದರಂತೆ ಸುಸ್ಥಿತಿಯಲ್ಲಿದೆ' ಎಂಬ ಮೆಚ್ಚುಗೆಯೊಂದಿಗೆ ಹೆರಿಗೆಯ ಗೊಂಬೆಯನ್ನೂ ಕೊಳ್ಳಲು ಶಿಫಾರಸಾಗಿದೆ. ಕ್ಯಾಟಲಾಗ್ ತರಿಸಿದ್ದಾರೆ. ದಾನಿಗಳ ಹೆಸರಿನ ಫಲಕವನ್ನು ತಾಯಿಗೆ ಅಂಟಿಸುವುದೋ ಮಗುವಿಗೋ ಎಂಬ ಬಗ್ಗೆ ಮಂಡಳಿಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ.