ರಾತ್ರೋರಾತ್ರಿ ಇಂಗ್ಲಿಷ್ ಆದ ಪತ್ರಿಕೆ

ಕೆಎಎಸ್, ಪಿಎಸ್‌ಐ ಅಂತ ಪರೀಕ್ಷೆಗೆ ಓದಿದವರಿಗೆಲ್ಲ ಈ ಪ್ರಶ್ನೆ ಬಾಯಿಪಾಠ. ಭಾರತೀಯ ಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು ಬ್ರಿಟಿಷರು ತಂದ ದೇಶಭಾಷಾ ಪತ್ರಿಕಾ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ರಾತ್ರೋರಾತ್ರಿ ಇಂಗ್ಲಿಷಿಗೆ ಬದಲಾದ ಪತ್ರಿಕೆ ಯಾವುದು? ಅಮೃತ ಬಜಾರ್ ಪತ್ರಿಕೆ. ಒಂದು ಅಂಕ. ನಾನೂ ಹಾಗೇ ಉರು ಹೊಡೆದಿದ್ದೆ. ಬ್ರಿಟಿಷರಿಗೇ ಚಳ್ಳೆಹಣ್ಣು ತಿನ್ನಿಸಿದರಲ್ಲಪ್ಪಾ ಅಂತ ಖುಷಿಯೂ ಪಟ್ಟಿದ್ದೆ. ಈಚೆಗೆ ಆ ಖುಷಿ ಸ್ವಲ್ಪ ಇಳಿದಿದೆ.

ಮೊದಲು ಆ ‘ರಾತ್ರೋರಾತ್ರಿ’ಯನ್ನೇ ನೋಡಿ. ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಕಾಯ್ದೆ ಪಾಸಾಗಿದ್ದು 1878ರ ಮಾರ್ಚ್ 14ಕ್ಕೆ, ಒಂದೇ ದಿನದಲ್ಲಿ. ಪತ್ರಿಕೆಯ ಪೂರ್ತಿ ಇಂಗ್ಲಿಷ್ ಸಂಚಿಕೆ ಬಂದಿದ್ದು ಮಾರ್ಚ್ 21ಕ್ಕೆ. ಅಂದರೆ ಒಂದು ವಾರ. ಅದೂ ಅಲ್ಲದೆ ಅಷ್ಟೊತ್ತಿಗಾಗಲೇ ಅದರಲ್ಲಿ ಬಂಗಾಳಿ, ಇಂಗ್ಲಿಷ್ ಎರಡೂ ಇರುತ್ತಿದ್ದವು. ಇಂಗ್ಲಿಷ್ ಅಚ್ಚುಮೊಳೆ ಹೊಸದಾಗಿ ತರಬೇಕಿರಲಿಲ್ಲ. ಬಂಗಾಳಿ ಕಾಲಂಗಳನ್ನು ಕೈಬಿಟ್ಟರೆ ಆಯ್ತು. ಸುಲಭದ ಕೆಲಸ ಅಂತ ಹೇಳುತ್ತಿಲ್ಲ. ಆದರೆ ನಾವು ಚಪ್ಪಾಳೆ ಹೊಡೆಯುವಾಗ ಈ ‘ಕೈಬಿಟ್ಟರು’ ಅನ್ನೋದು ಕಣ್ಣಿಗೇ ಬೀಳಲ್ಲ.

ಆ ಪತ್ರಿಕೆ ಹುಟ್ಟಿದ್ದು ಕಲ್ಕತ್ತೆಯಲ್ಲಲ್ಲ. 1868ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಶಿಶಿರ್ ಕುಮಾರ್ ಘೋಷ್, ಮೋತಿಲಾಲ್ ಘೋಷ್ ಮತ್ತು ಅವರ ಅಣ್ಣತಮ್ಮಂದಿರು 32 ರೂಪಾಯಿಗೆ ಒಂದು ಮರದ ಪ್ರೆಸ್ಸು ಕೊಂಡು ತಂದರು. ಶಿಶಿರ್ ತಾವೇ ಮೊಳೆ ಜೋಡಿಸೋದು ಕಲಿತಿದ್ದರು. ಪತ್ರಿಕೆಗೂ ಊರಿಗೂ ಅಂಟಿದ ‘ಅಮೃತ’ ಅವರ ತಾಯಿ ಅಮೃತಮಯಿಯ ಹೆಸರಿನಿಂದ ಬಂದಿದ್ದು. ಅದು ಬಣ್ಣಕ್ಕೆ ಬಳಸುವ ನೀಲಿ ಗಿಡ ಬೆಳೆಯುತ್ತಿದ್ದ ಸೀಮೆ. ನೀಲಿ ಬೆಳೆಸುತ್ತಿದ್ದ ಬಿಳಿಯ ಪ್ಲಾಂಟರ್‌ಗಳ ಕಾಟಕ್ಕೆ ಸಿಕ್ಕಿದ ರೈತರ ಪರವಾಗಿ ಬರೆದೇ ಶಿಶಿರ್ ಈ ಕಸುಬಿಗೆ ಇಳಿದಿದ್ದರು. 1871ರಲ್ಲಿ ಪತ್ರಿಕೆ ಕಲ್ಕತ್ತೆಗೆ ಬಂತು.

ಕಾಯ್ದೆ ಹೇಗಿತ್ತು ಗೊತ್ತಾ? ಜಿಲ್ಲಾ ಮ್ಯಾಜಿಸ್ಟ್ರೇಟರು ಮುದ್ರಕನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಠೇವಣಿ ಕೇಳಬಹುದು. ಮಾತು ತಪ್ಪಿದರೆ ಠೇವಣಿಯೂ ಹೋಯ್ತು, ಪ್ರೆಸ್ಸೂ ಹೋಯ್ತು. ಕೋರ್ಟಿಗೆ ಹೋಗೋ ಹಾಗಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಮಾತ್ರ ಇದು ಅನ್ವಯಿಸಲ್ಲ! ನೆನಪಿಡಿ, ಇದು ಬರದ ಕಾಲ. ನಮ್ಮ ಮೈಸೂರು ಸೀಮೆಯವರು ಧಾತು-ಈಶ್ವರ ಬರ ಅಂತಾರಲ್ಲ, ಅದೇ. ಅಂಥ ಹೊತ್ತಿನಲ್ಲಿ ಸರ್ಕಾರದ ತಪ್ಪನ್ನು ಜನರ ಮಾತಲ್ಲಿ ಹೇಳುವವರನ್ನೇ ಅವರು ಹಿಡಿದುಕೊಂಡರು.

ನನ್ನ ಅಜ್ಜನಿಗೆ ಓದೋಕೆ ಬರುತ್ತಿರಲಿಲ್ಲ. ಆದರೆ ಪೇಪರ್‌ನಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿರುತ್ತಿತ್ತು. ನಮ್ಮೂರ ಹೋಟೆಲಿನಲ್ಲಿ ಒಬ್ಬರು ಜೋರಾಗಿ ಓದುತ್ತಿದ್ದರು, ಉಳಿದ ಹತ್ತು ಜನ ಬೀಡಿ ಸೇದುತ್ತಾ ಕೇಳುತ್ತಿದ್ದರು. ಮಧ್ಯೆ ಮಧ್ಯೆ ‘ಅದನ್ನ ಇನ್ನೊಂದು ಸಲ ಓದೋ’ ಅಂತ ಅಜ್ಜನ ಗದರಿಕೆ. ಆ ಪೇಪರ್ ಒಂದು ಗುರುವಾರ ಇದ್ದಕ್ಕಿದ್ದ ಹಾಗೆ ಇಂಗ್ಲಿಷಿನಲ್ಲಿ ಬಂದಿದ್ದರೆ? ಸಂಪಾದಕರು ಉಳಿದುಕೊಳ್ಳುತ್ತಿದ್ದರು. ಅಜ್ಜ ಟೀ ಕುಡಿದು ಸುಮ್ನೆ ಎದ್ದು ಬರುತ್ತಿದ್ದರು.

ಇದೇ ಕಾಯ್ದೆ ಬಂಗಾಳಿಯ ಸೋಮಪ್ರಕಾಶ ಪತ್ರಿಕೆಗೂ ಬಡಿಯಿತು. ಸಂಪಾದಕ ದ್ವಾರಕಾನಾಥ ವಿದ್ಯಾಭೂಷಣರು ಭಾಷೆ ಬದಲಿಸಲಿಲ್ಲ. ಪತ್ರಿಕೆ ಕೆಲಕಾಲ ನಿಂತೇ ಹೋಯಿತು. ಅದನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ನೋಡಿಲ್ಲ.

ಘೋಷ್ ಸಹೋದರರನ್ನು ಹೇಡಿಗಳು ಅಂದರೆ ತಪ್ಪಾಗುತ್ತೆ. 1889ರಲ್ಲಿ ಕಾಶ್ಮೀರದ ಬಗ್ಗೆ ಸರ್ಕಾರದ ಗುಟ್ಟಿನ ಕಾಗದವನ್ನೇ ಅಚ್ಚು ಹಾಕಿದ ಪತ್ರಿಕೆ ಅದು, ಇಂಗ್ಲಿಷಿನಲ್ಲೇ. ನನ್ನ ತಕರಾರು ಬೇರೆ. ಲಿಟ್ಟನ್ ಜಾಗಕ್ಕೆ ರಿಪ್ಪನ್ ವೈಸ್‌ರಾಯ್ ಆಗಿ ಬಂದ ಮೇಲೆ ಕಾಯ್ದೆ ರದ್ದಾಯಿತು. ಪತ್ರಿಕೆ ಮಾತ್ರ ಬಂಗಾಳಿಗೆ ವಾಪಸ್ ಬರಲಿಲ್ಲ. 1991ರಲ್ಲಿ ಮುಚ್ಚುವವರೆಗೂ ಇಂಗ್ಲಿಷಿನಲ್ಲೇ ಇತ್ತು. ಲಿಟ್ಟನ್‌ನ ಕಾಯ್ದೆ ಬದುಕಿದ್ದು ನಾಲ್ಕೇ ವರ್ಷ, ಅದು ಮಾಡಿದ ಕೆಲಸ ನೂರು ವರ್ಷ ದಾಟಿತು.

ಪುಣೆಯಲ್ಲಿ ಬಾಲ ಗಂಗಾಧರ ತಿಲಕರು ಮತ್ತು ಅವರ ಗೆಳೆಯರು ಬೇರೆ ದಾರಿ ಹಿಡಿದರು. 1881ರ ಜನವರಿಯಲ್ಲಿ ಎರಡು ಪತ್ರಿಕೆ ಒಟ್ಟಿಗೇ ಶುರುಮಾಡಿದರು. ಇಂಗ್ಲಿಷಿಗೆ ಮರಾಠಾ, ಮರಾಠಿಗೆ ಕೇಸರಿ. ನಮ್ಮ ಬೆಳಗಾವಿ, ಧಾರವಾಡದ ಕಡೆಯೂ ಕೇಸರಿ ಓದುವವರಿದ್ದರು. ತಿಲಕರ ಮೇಲೆ 1897ರಲ್ಲಿ, ಮತ್ತೆ 1908ರಲ್ಲಿ ರಾಜದ್ರೋಹದ ಕೇಸು ಬಿತ್ತು. ಎರಡು ಸಲವೂ ಕೇಸರಿಯ ಬರಹಕ್ಕೆ. ಸರ್ಕಾರಕ್ಕೆ ಯಾವ ಭಾಷೆ ಜಾಸ್ತಿ ಚುಚ್ಚುತ್ತಿತ್ತು ಅಂತ ಬೇರೆ ಹೇಳಬೇಕಾ?

1908ರ ವಿಚಾರಣೆಯಲ್ಲಿ ಜ್ಯೂರಿ 9 ಜನ. ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಮರಾಠಿ ಲೇಖನಗಳ ಇಂಗ್ಲಿಷ್ ಅನುವಾದ ಇಟ್ಟುಕೊಂಡು ತೀರ್ಮಾನ ಮಾಡಬೇಕಿತ್ತು. ತಿಲಕರು ತಮ್ಮ ಪರವಾಗಿ ತಾವೇ 21 ಗಂಟೆಗೂ ಮೇಲೆ ವಾದ ಮಾಡಿದರು. ಅದರಲ್ಲಿ ದೊಡ್ಡ ಜಗಳ ಅನುವಾದದ್ದೇ. ನಾನು ಬರೆದ ಮರಾಠಿ ಮಾತಿಗೆ ನೀವು ಕೊಟ್ಟಿರೋ ಅರ್ಥ ಸರಿಯಿಲ್ಲ ಅಂತ. ಜುಲೈ 22ರ ರಾತ್ರಿ ಏಳು ಜನ ತಪ್ಪಿತಸ್ಥ ಅಂದರು, ಇಬ್ಬರು ಅಲ್ಲ ಅಂದರು. ಆರು ವರ್ಷ ಶಿಕ್ಷೆ. ತಿಲಕರು ಬರ್ಮಾದ ಮಂಡಾಲೆ ಜೈಲಿಗೆ ಹೋದರು. ಕೇಸರಿ ಮರಾಠಿಯಲ್ಲೇ ಬರುತ್ತಿತ್ತು.