ಓದು ಬಿಟ್ಟು ಹೋದ ಹುಡುಗನಿಗೆ ವಾಪಸ್ ಬರುವ ದಾರಿ

ನಾನಿರುವುದು ನಾರ್ತ್ ಕೆರೊಲಿನಾದಲ್ಲಿ. ಒಂದು ಕಡೆ ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ (ಯುಎನ್‌ಸಿ). ಏಪ್ರಿಲ್ ಬಂತೆಂದರೆ ಇಲ್ಲಿ ಆಫೀಸಿನಲ್ಲೂ ಅಂಗಡಿಯಲ್ಲೂ ಒಂದೇ ಮಾತು. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಯಾರು ಉಳೀತಾರೆ, ಯಾರು ಕಾಲೇಜು ಬಿಟ್ಟು ಎನ್‌ಬಿಎಗೆ, ಅಂದರೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿಗೆ, ಹೋಗ್ತಾರೆ?

ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಬಂದರೆ ತೀರ್ಪು ಆಗಲೇ ಸಿದ್ಧವಿರುತ್ತದೆ. "ಅಲ್ಲಪ್ಪಾ, ಡಿಗ್ರಿ ಒಂದು ಮುಗಿಸ್ಕೊಂಡು ಹೋಗಬಾರದಾ? ಆಟ ಎಲ್ಲಿ ಓಡಿಹೋಗುತ್ತೆ?" ಹೀಗೆ ಹೇಳುವ ಹಿರಿಯರ ಭಯ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಒಬ್ಬ ಎಂಜಿನಿಯರ್ ಆದದ್ದರಿಂದ ಇಡೀ ಸಂಸಾರ ಮೇಲೆದ್ದದ್ದನ್ನು ಕಂಡವರು ಅವರು. ಆದರೂ ಈ ಹುಡುಗರ ವಿಷಯದಲ್ಲಿ ಆ ತೀರ್ಪು ಸರಿಯಲ್ಲ ಅಂತಲೇ ನನ್ನ ಅನಿಸಿಕೆ.

ಮೊದಲು ನಿಯಮ ನೋಡಿ. ಕೆವಿನ್ ಗಾರ್ನೆಟ್ 1995ರಲ್ಲಿ, ಕೋಬಿ ಬ್ರಯಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಹೋದವರು. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಯಿತು. ಅದರ ಪ್ರಕಾರ ಡ್ರಾಫ್ಟ್ (ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ನಡೆಯುವ ವರ್ಷದಲ್ಲಿ ಹುಡುಗನಿಗೆ 19 ತುಂಬಬೇಕು, ಹೈಸ್ಕೂಲ್ ಮುಗಿಸಿ ಒಂದು ವರ್ಷವಾಗಿರಬೇಕು. ಹಾಗಾಗಿ ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡುವವರು ಹುಟ್ಟಿಕೊಂಡರು. ಇಲ್ಲಿನವರು ಅವರನ್ನು 'ಒನ್ ಅಂಡ್ ಡನ್' ಅಂತಾರೆ. ಆ ಒಂದು ವರ್ಷ ಓದಿನ ಆಸೆಗೆ ಬಂದದ್ದಲ್ಲ, ನಿಯಮ ಹೇಳಿತು ಅಂತ ಬಂದದ್ದು.

ಆ ವರ್ಷದಲ್ಲಿ ಏನು ಬೇಕಾದರೂ ಆಗಬಹುದು. 2019ರ ಫೆಬ್ರವರಿ 20ರಂದು ಡ್ಯೂಕ್ ಮತ್ತು ಯುಎನ್‌ಸಿ ಪಂದ್ಯ. ನೋಡಲು ಒಬಾಮಾ ಕೂಡ ಬಂದು ಕೂತಿದ್ದರು. ಟಿಕೆಟ್ ಸಾವಿರಾರು ಡಾಲರ್‌ಗೆ ಮಾರಾಟವಾಗಿತ್ತು. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಡ್ಯೂಕ್‌ನ ಜಯಾನ್ ವಿಲಿಯಮ್ಸನ್ ಚೆಂಡು ಹಿಡಿದು ತಿರುಗಲು ಹೋದ. ಎಡಗಾಲು ಜಾರಿತು. ಶೂ ಅಟ್ಟೆಯಿಂದ ಕಿತ್ತು ಬಂದು ಪಾದ ಪಕ್ಕದಿಂದ ಹೊರಗೇ ಬಂತು. ಅವನು ಬಲ ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕುಸಿದ. ಆ ಸಂಜೆ ಟಿವಿಯವರು ದುಡಿದರು, ಟಿಕೆಟ್ ಮಾರಿದವರು ದುಡಿದರು. ಬಿದ್ದ ಹುಡುಗನಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಸಂಬಳ ಅಂತ ಒಂದು ಡಾಲರ್ ಕೂಡ ಇಲ್ಲ. ಪುಣ್ಯಕ್ಕೆ ಅದು ಸಣ್ಣ ಉಳುಕು. ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್ ತಂಡ ಅವನನ್ನು ಮೊದಲನೆಯವನಾಗಿ ಆರಿಸಿಕೊಂಡಿತು. ಆ ಹುಡುಗನಿಗೆ "ಇನ್ನೂ ಮೂರು ವರ್ಷ ಇರು" ಅಂತ ಹೇಳೋ ಹಕ್ಕು ಯಾರಿಗಿತ್ತು?

ಈಗ ಲೆಕ್ಕ ಬದಲಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ 'ಹೌಸ್' ಮೊಕದ್ದಮೆಯ ಒಪ್ಪಂದದಿಂದಾಗಿ ಕಾಲೇಜುಗಳೇ ಅವರಿಗೆ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಪರಿಣಾಮ ಕಣ್ಣಿಗೆ ಕಾಣುತ್ತಿದೆ. 2021ರಲ್ಲಿ ಅವಧಿಗೆ ಮೊದಲೇ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 353 ಮಂದಿ, 2025ರಲ್ಲಿ 106. ಡ್ರಾಫ್ಟ್‌ನಲ್ಲಿ ಇರುವುದೇ ಎರಡು ಸುತ್ತು. ಮೊದಲ ಸುತ್ತಿನ 30 ಜನರಿಗೆ ಎರಡು ವರ್ಷದ ಸಂಬಳ ಗ್ಯಾರಂಟಿ. ಎರಡನೇ ಸುತ್ತಿನಲ್ಲಿ ಅಂಥ ಗ್ಯಾರಂಟಿ ಇಲ್ಲ. ಅದೂ ಸಿಗದಿದ್ದರೆ ಎನ್‌ಬಿಎಯ ಕೆಳಹಂತದ ಜಿ ಲೀಗ್, ವರ್ಷಕ್ಕೆ 40 ಸಾವಿರ ಡಾಲರ್ ಆಸುಪಾಸು. ಎರಡನೇ ಸುತ್ತಿನ ಅಂಚಿನಲ್ಲಿರುವ ಹುಡುಗ ಈಗ ಕಾಲೇಜಿನಲ್ಲೇ ಉಳಿದರೆ ಅದಕ್ಕಿಂತ ಜಾಸ್ತಿ ದುಡಿಯಬಹುದು, ಜೊತೆಗೆ ಓದೂ ಸಾಗುತ್ತದೆ. ಉಪದೇಶದಿಂದ ಆಗದ ಕೆಲಸ ನ್ಯಾಯವಾದ ಕೂಲಿಯಿಂದ ಆಯಿತು. ನನಗೆ ಇದು ನಿಜಕ್ಕೂ ಸಂತೋಷದ ವಿಷಯ.

ನಮ್ಮ ಕಡೆಯ ರೀತಿ ಬೇರೆ. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ. ಆಗ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದರು, ಆಮೇಲೆ ಡಿಗ್ರಿಯನ್ನೂ ಮುಗಿಸಿದರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮಾಡಿದವರು. ನಮ್ಮಲ್ಲಿ ಕ್ರಿಕೆಟ್ ಬೆಳೆಯುವುದು ಕ್ಲಬ್ಬುಗಳಲ್ಲಿ, ರಣಜಿಯಲ್ಲಿ. ಕಾಲೇಜು ಬೇರೆ, ಆಟ ಬೇರೆ. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಅನ್ನುವ ಕಟ್ಟಳೆ ಇಲ್ಲ. ಅಮೆರಿಕದಲ್ಲಿ ಕಾಲೇಜೇ ಆಟದ ಮೆಟ್ಟಿಲು. ಎನ್‌ಬಿಎಗೆ ಹೋದವನು ಕಾಲೇಜು ತಂಡ ಬಿಡಲೇಬೇಕು. ಈ ಒಂದು ವಿಷಯದಲ್ಲಿ ನಮ್ಮ ರೀತಿಯೇ ಮೇಲು.

ಆದರೆ ಕುಂಬ್ಳೆಯಂಥವರ ಹೆಸರು ಹೇಳಿ ನಾವು ಸುಮ್ನೆ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಎಂಜಿನಿಯರಿಂಗ್ ಕಾಲೇಜುಗಳನ್ನು ನೋಡಿಕೊಳ್ಳುವ ವಿಟಿಯುನಲ್ಲಿ ಶೇ. 85 ಅಟೆಂಡೆನ್ಸ್ ಬೇಕು. ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಅಂತ ಓಡಾಡುವ ಕಬಡ್ಡಿ ಹುಡುಗನಿಗೆ, ವಾಲಿಬಾಲ್ ಹುಡುಗಿಗೆ ಅಲ್ಲೇ ಪೆಟ್ಟು ಬೀಳುತ್ತದೆ. ಎರಡು ಮೂರು ವರ್ಷ ಬಿಟ್ಟು ವಾಪಸ್ ಬಂದರೆ ಸ್ಕೀಮ್ (ಪಠ್ಯಕ್ರಮ) ಬದಲಾಗಿರುತ್ತದೆ. ಹೊಸ ಸಬ್ಜೆಕ್ಟ್‌ಗಳು ತಲೆ ಮೇಲೆ ಬೀಳುತ್ತವೆ. ಜೊತೆಯವರೆಲ್ಲ ಕೆಲಸಕ್ಕೆ ಸೇರಿರುತ್ತಾರೆ. ಊರಿನಲ್ಲಿ "ಅವನು ಓದು ಬಿಟ್ಟವನು" ಅನ್ನುವ ಹೆಸರು ಬೇರೆ. ಹೀಗಿರುವಾಗ ಅಪ್ಪ ಅಮ್ಮ "ಮೊದಲು ಡಿಗ್ರಿ" ಅನ್ನದೆ ಇನ್ನೇನು ಅಂತಾರೆ?

ಇಲ್ಲಿ ಅಮೆರಿಕದಲ್ಲಿ ವಾಪಸ್ ಬರುವುದು ಅವಮಾನವಲ್ಲ. ಎನ್‌ಬಿಎ ತಾರೆಯರನ್ನೇ ನೋಡಿ. ಮೈಕಲ್ ಜೋರ್ಡನ್ 1984ರಲ್ಲಿ ಯುಎನ್‌ಸಿ ಬಿಟ್ಟು 1986ರಲ್ಲಿ ಡಿಗ್ರಿ ಮುಗಿಸಿದರು. ಶಕೀಲ್ ಓನೀಲ್ 2000ದಲ್ಲಿ, ಸ್ಟೀಫನ್ ಕರಿ 2022ರಲ್ಲಿ ಮುಗಿಸಿದರು. ವಿನ್ಸ್ ಕಾರ್ಟರ್ ಅಂತೂ 2001ರ ಮೇ 20ರಂದು ಬೆಳಗ್ಗೆ ಚಾಪೆಲ್ ಹಿಲ್‌ನಲ್ಲಿ ಘಟಿಕೋತ್ಸವಕ್ಕೆ ಹೋಗಿ, ಅದೇ ದಿನ ಫಿಲಡೆಲ್ಫಿಯಾಕ್ಕೆ ಹಾರಿ ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ ಆಡಿದರು. ಕೊನೆಯ ಶಾಟ್ ತಪ್ಪಿತು. ತಂಡ ಒಂದೇ ಪಾಯಿಂಟಿನಿಂದ ಸೋತಿತು. ಡಿಗ್ರಿಯ ಆಸೆಗೆ ಪಂದ್ಯ ಕಳೆದರು ಅಂತ ಎಷ್ಟೋ ಜನ ಬೈದರು. ನನ್ನ ಕಣ್ಣಿಗೆ ಮಾತ್ರ ಅವರು ಅವತ್ತು ದೊಡ್ಡವರಾಗಿ ಕಂಡರು.

ಆದರೆ ಇವರೆಲ್ಲ ದುಡ್ಡಿದ್ದವರು. ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಕೊಳ್ಳದ ಹುಡುಗನ ಗತಿ? 2018ರಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಒಂದು ಒಳ್ಳೆಯ ನಿಯಮ ತಂದಿತು. ಸ್ಕಾಲರ್‌ಶಿಪ್‌ನಲ್ಲಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಕಾಲೇಜು ಬಿಟ್ಟು 10 ವರ್ಷದೊಳಗೆ ಅದೇ ಕಾಲೇಜಿಗೆ ಬಂದರೆ ಫೀಸು, ಪುಸ್ತಕದ ಖರ್ಚು ಕಾಲೇಜೇ ಕೊಡಬೇಕು. ಆದರೆ ಬಿಡುವ ಮೊದಲು ಎರಡು ವರ್ಷವಾದರೂ ಓದಿರಬೇಕು ಅಂತ ಒಂದು ಷರತ್ತು ಸೇರಿಸಿದರು. ಅಂದರೆ ಒಂದೇ ವರ್ಷಕ್ಕೆ ಹೊರಟು, ಎಲ್ಲೂ ನೆಲೆ ಕಾಣದೆ 23ನೇ ವಯಸ್ಸಿಗೆ ವಾಪಸ್ ಬರುವ ಹುಡುಗ ಇದರ ಲೆಕ್ಕಕ್ಕೇ ಬರುವುದಿಲ್ಲ. ಅವನನ್ನು ಒಂದು ವರ್ಷ ಆಡಿಸಿಕೊಂಡು ಸ್ಟೇಡಿಯಂ ತುಂಬಿಸಿಕೊಂಡವರು ಅವನಿಗೂ ಉಳಿದ ಮೂರು ವರ್ಷದ ಓದು ಕೊಡಬೇಕು. ಆ ಷರತ್ತು ತೆಗೆದುಹಾಕಲೇಬೇಕು. ನಮ್ಮ ವಿಶ್ವವಿದ್ಯಾಲಯಗಳೂ ರಾಜ್ಯಕ್ಕೆ ಆಡಿದ ಮಕ್ಕಳಿಗೆ ಸೇರಿದಾಗಿನ ಸ್ಕೀಮ್‌ನಲ್ಲೇ, ಸೇರಿದಾಗಿನ ಫೀಸಿನಲ್ಲೇ 10 ವರ್ಷದವರೆಗೆ ಸೀಟು ಕಾದಿಡಲಿ. ಆಗ ಹೊರಡುವ ಹುಡುಗನಿಗೆ ಅಪ್ಪ ಅಮ್ಮ ಧೈರ್ಯವಾಗಿ "ಹೋಗಿ ಬಾ ಮಗನೇ" ಅನ್ನುತ್ತಾರೆ.