ನೆಲ ಹಾಕುವಾಗಲೇ ಕೀಳುವ ಯೋಚನೆಯೂ ಇರಲಿ

ಮರುಬಳಕೆಯ ನೆಲಹಾಸು ಅಂದ ಕೂಡಲೇ ಎಲ್ಲರೂ ಕೇಳುವುದು, ಇದರಲ್ಲಿ ಹಳೇ ಮಾಲು ಎಷ್ಟು ಪರ್ಸೆಂಟ್ ಇದೆ ಅಂತ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ ಅಂತ ನನಗನ್ನಿಸುತ್ತದೆ. ಮುಂದೊಂದು ದಿನ ಇದನ್ನು ಕಿತ್ತರೆ ಇಡಿಯಾಗಿ ಬರುತ್ತದಾ, ಇಲ್ಲಾ ಚೂರುಚೂರಾಗುತ್ತದಾ?

ಆ ಪರ್ಸೆಂಟ್ ಲೆಕ್ಕವೂ ನೋಡಿದಷ್ಟು ಸರಳವಲ್ಲ. ಜನ ಬಳಸಿ ಬಿಟ್ಟ ವಸ್ತು ಒಂದು ಬಗೆ. ಕಾರ್ಖಾನೆಯಲ್ಲೇ ಉಳಿದು, ಯಾರ ಕೈಗೂ ಹೋಗದ ಮಾಲು ಇನ್ನೊಂದು ಬಗೆ. ಎರಡನ್ನೂ ಸೇರಿಸಿ ಡಬ್ಬದ ಮೇಲೆ ದೊಡ್ಡ ಅಂಕಿ ಹಾಕುತ್ತಾರೆ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಲೀಡ್ ಪದ್ಧತಿಯಲ್ಲಿ ಎರಡನೆಯದನ್ನು ಅರ್ಧಕ್ಕೆ ಮಾತ್ರ ಹಿಡಿಯುತ್ತಾರೆ. ಸರಿಯಾಗಿಯೇ ಇದೆ ಬಿಡಿ.

ಟೈಲ್ಸ್ ವಿಷಯಕ್ಕೆ ಬರೋಣ. ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಶಾಖದಲ್ಲಿ ಸುಟ್ಟ ವಸ್ತು ಅದು. ಉರಿದ ಇಂಧನವೆಲ್ಲ ಅದರ ಲೆಕ್ಕದಲ್ಲೇ ಇದೆ. ಎಷ್ಟೋ ವರ್ಷ ತುಳಿದರೂ ಸವೆಯುವುದಿಲ್ಲ. ಆದರೆ ಗಟ್ಟಿ ಸಿಮೆಂಟಲ್ಲಿ ಕೂರಿಸಿದ ಟೈಲ್ ಎಬ್ಬಿಸಲು ಹೋದರೆ ಮೊದಲು ಒಡೆಯುವುದು ಟೈಲೇ, ಸಿಮೆಂಟ್ ಅಲ್ಲ. ಆ ಚೂರುಗಳನ್ನು ಪುಡಿ ಮಾಡಿ ರಸ್ತೆಯ ಅಡಿಗೆ ಸುರಿದು ಅದಕ್ಕೂ ಮರುಬಳಕೆ ಅಂತಲೇ ಹೆಸರಿಡುತ್ತಾರೆ! ಸುಣ್ಣದ ಗಾರೆಯಲ್ಲಿ ಹಾಕಿದ ಹಳೇ ನೆಲ ಹಾಗಲ್ಲ. ಗಾರೆ ಟೈಲಿಗಿಂತ ಮೆದು. ಉಳಿಯನ್ನು ಅಂಚಿಗೆ ಕೊಟ್ಟು ಮೆಲ್ಲಗೆ ತಟ್ಟುತ್ತಾ ಹೋದರೆ ಟೈಲ್ ಎದ್ದು ಬರುತ್ತದೆ, ಬೆನ್ನಿಗೆ ಅಂಟಿದ ಸುಣ್ಣವನ್ನೂ ಕೆರೆದು ತೆಗೆಯಬಹುದು. ಬ್ರಸೆಲ್ಸ್‌ನ ರೋಟರ್ ಎಂಬ ತಂಡ ಕೆಡವುವ ಕಟ್ಟಡಗಳಿಂದ ಹೀಗೆ ಟೈಲ್ಸ್ ಬಿಡಿಸಿ, ತೊಳೆದು, ಮತ್ತೆ ಮಾರುತ್ತದೆ. ಹೊಸ ಭಟ್ಟಿ ಹಚ್ಚುವ ಮಾತೇ ಇಲ್ಲ.

ಮರಕ್ಕೂ ಇದೇ ಮಾತು. ಹಳೇ ಹಲಗೆಗಳಲ್ಲಿ ಎಷ್ಟೋ ಸಲ ನಿಧಾನವಾಗಿ ಬೆಳೆದ ಮರ ಸಿಗುತ್ತದೆ, ಎಳೆ ಒತ್ತೊತ್ತಾಗಿರುತ್ತದೆ. ಕೆಲಸ ಮಾತ್ರ ಜಾಸ್ತಿ. ಒಂದೊಂದೇ ಮೊಳೆ ಕೀಳಬೇಕು, ಆಮೇಲೆ ಲೋಹ ಪತ್ತೆ ಹಚ್ಚುವ ಉಪಕರಣ ಆಡಿಸಿ ನೋಡಬೇಕು, ಯಾಕಂದ್ರೆ ಒಳಗೆ ತಲೆ ಮುರಿದು ಕೂತ ಒಂದೇ ಮೊಳೆ ಸಾಕು ಕೀಸುವ ಯಂತ್ರದ ಬ್ಲೇಡ್ ಹಾಳಾಗಲು. ಹಳೇ ಬಣ್ಣ ಇದ್ದರೆ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಉಜ್ಜಬೇಡಿ. ಹಾಸುವ ಮುಂಚೆ ಕೆಲವು ದಿನ ಅದೇ ಕೋಣೆಯಲ್ಲಿ ಇಟ್ಟು ಅಲ್ಲಿನ ತೇವಕ್ಕೆ ಒಗ್ಗಲು ಬಿಡಿ, ಇಲ್ಲದಿದ್ದರೆ ಆಮೇಲೆ ಸಂದು ಬಿಡುತ್ತದೆ.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹಳೇ ವಿನೈಲ್ ಟೈಲ್ಸ್ ಮತ್ತು ಅದರ ಅಡಿಯ ಕಪ್ಪು ಅಂಟಿನಲ್ಲಿ, ಉಸಿರಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ನಾರು ಇರಬಹುದು, ಸುಮ್ನೆ ಕೆರೆಯಲು ಕೂರಬೇಡಿ. ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಅದನ್ನು ಪುಡಿ ಮಾಡಿ ಹೊಸ ಹಾಸು ಮಾಡಿದರೆ ಹಳೆಯದರಲ್ಲಿದ್ದ ಸೀಸವೂ ಜೊತೆಗೇ ಬರಬಹುದು. ಪಿವಿಸಿಯಲ್ಲಿನ ಸೀಸಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಡಿವಾಣ ಹಾಕಿತು. ಟೈರ್ ರಬ್ಬರ್ ಹಾಸು ಜಿಮ್‌ಗೆ ಚೆನ್ನ, ಸದ್ದು ತಡೆಯುತ್ತದೆ. ಆದರೆ ಗಂಧಕ ಹಾಕಿ ಬೇಯಿಸಿದ ರಬ್ಬರ್ ಮತ್ತೆ ಕರಗುವುದಿಲ್ಲ, ಪುಡಿ ಮಾಡಿ ಅಂಟು ಹಾಕಿಯೇ ಕೂಡಿಸಬೇಕು. ಮುಚ್ಚಿದ ಕೋಣೆಯಲ್ಲಿ ವಾಸನೆ ಬರುತ್ತದೆ. ಮಲಗುವ ಕೋಣೆಗೆ ನಾನಂತೂ ಹಾಕಿಸಲಾರೆ.

ಕಾರ್ಪೆಟ್‌ನವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದಾರೆ. ಕಾರ್ಪೆಟ್ ತುಂಡುಗಳನ್ನು ಮಾಡುವ ಇಂಟರ್‌ಫೇಸ್ ಕಂಪನಿ ಕಟ್ಟಿದ ರೇ ಆಂಡರ್ಸನ್ 1994ರಲ್ಲೇ ಪರಿಸರಕ್ಕೆ ಹೊರೆಯಾಗದ ದಾರಿ ಹಿಡಿದವರು. ಕಾರ್ಪೆಟ್‌ಗೆ ಬಳಸುವ ನೈಲಾನ್ 6 ಎಂಬ ಬಗೆಯ ನೂಲನ್ನು ಮೂಲ ರಾಸಾಯನಿಕಕ್ಕೆ ಇಳಿಸಿ ಮತ್ತೆ ನೂಲು ತೆಗೆಯಬಹುದು. ನನಗೆ ಇನ್ನೂ ಹಿಡಿಸಿದ್ದು ಬೇರೆ. ಕಾರ್ಪೆಟ್ ತುಂಡುಗಳನ್ನು ನೆಲಕ್ಕೆ ಅಂಟಿಸದೆ, ಮೂಲೆಯಲ್ಲಿ ಸ್ಟಿಕ್ಕರ್ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ. ಕಲೆಯಾದ ತುಂಡನ್ನಷ್ಟೇ ಎತ್ತಿ ಬದಲಾಯಿಸಿದರಾಯಿತು. ಒಂದಕ್ಕೊಂದು ಸಿಕ್ಕಿಸುವ ಮರದ ಹಲಗೆಗಳೂ ಹೀಗೇ, ಅಂಟಿಲ್ಲದೆ ನಿಲ್ಲುತ್ತವೆ.

ಬಚ್ಚಲಲ್ಲಿ ಈ ವಾದ ನಡೆಯುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ನೀರು ಇಳಿಯದಿರುವುದು ಮುಖ್ಯ, ಗಟ್ಟಿಯಾಗಿ ಅಂಟಿಸಲೇಬೇಕು.

ಬಿಡಿಸುವ ಕೂಲಿ ಹೊಸ ಮಾಲಿಗಿಂತ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಎಷ್ಟೋ ಕಡೆ ನಿಜವೂ ಹೌದು. ಯಾಕೆಂದರೆ ಕೆಡವುವ ಗುತ್ತಿಗೆಯಲ್ಲಿ ನೆಲ ಬಿಡಿಸಲು ದಿನಗಳನ್ನೇ ಕೊಟ್ಟಿರುವುದಿಲ್ಲ, ಬುಲ್ಡೋಜರ್ ಬಾಗಿಲಿಗೆ ಬಂದು ನಿಂತ ಮೇಲೆ ಉಳಿ ಹಿಡಿದು ಕೂರುವವರು ಯಾರು? ಆ ದಿನಗಳನ್ನು ಗುತ್ತಿಗೆಯಲ್ಲೇ ಬರೆಸಬೇಕು, ಬರೆಸಬೇಕಾದವರು ಕಟ್ಟಡದ ಮಾಲೀಕರೇ.